ರವಿವಾರದ ಕೇಸುಗಳು

ಕಳೆದ ವಾರ ಲಂಡನ್ನಿನ ನಮ್ಮ ಇಲ್ಫರ್ಡ್ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದಾಗ, ಒಂದು ಮನೆಯ ಮುಂದಿನ ಕಬ್ಬಿಣದ ಬೇಲಿಯ ಮೊನೆಗೆ ಯಾರೋ ಒಂಟಿ ಕೈಗವಸನ್ನು ಸಿಕ್ಕಿಸಿ ಹೋಗಿದ್ದು ಕಂಡಿತು. ಪುಟ್ಟ ಮಗುವಿನದು, ನೀಲಿ ಉಣ್ಣೆಯದು. ತಳ್ಳುಗಾಡಿಯಲ್ಲಿ ಕೂತ ಮಗು ಬೀಳಿಸಿಕೊಂಡಿರಬೇಕು. ಹಿಂದೆ ಬಂದ ಯಾರೋ ಎತ್ತಿ, ಕೆಸರು ಕೊಡವಿ, ಕಣ್ಣಿಗೆ ಬೀಳುವ ಹಾಗೆ ಇಟ್ಟು, ತಮ್ಮ ಪಾಡಿಗೆ ತಾವು ಟ್ರೇನು ಹಿಡಿಯಲು ಹೋಗಿರಬೇಕು. ನಾನು ಒಂದು ನಿಮಿಷ ನಿಂತು ನೋಡಿದೆ. 'ಒಂದು ಕೇಸು ಸಿಕ್ಕಿತು' ಅಂದುಕೊಂಡೆ. ಅಂದುಕೊಂಡ ಮೇಲೆ ನೆನಪಾಯಿತು, ಅದನ್ನು ಕೇಳಬೇಕಾದವಳು ಈಗ ಮನೆಯಲ್ಲಿಲ್ಲ ಎಂದು. ಸ್ಟೇಷನ್ ಬಂದರೂ ಮನಸ್ಸು ಇನ್ನೂ ಆ ಬೇಲಿಯ ಹತ್ತಿರವೇ ನಿಂತಿತ್ತು.

ಕೇಸು ಎಂದ ಕೂಡಲೇ ಪೊಲೀಸು, ಕೋರ್ಟು ಎಂದು ಗಾಬರಿಯಾಗಬೇಡಿ. ನಮ್ಮ ಯಜಮಾನರು ಡಾಕ್ಟರು. ಅವರು ಮೈಸೂರಿನವರು, ನಾನು ಧಾರವಾಡದವಳು. ತೊಂಬತ್ತರ ದಶಕದ ಮೊದಲಲ್ಲಿ, ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, 'ಎರಡೇ ವರ್ಷ, ಇವರ ಪರೀಕ್ಷೆ ಮುಗಿದ ಮೇಲೆ ವಾಪಸು' ಎಂಬ ಮಾತಿನ ಮೇಲೆ ನಾನು ಲಂಡನ್ನಿಗೆ ಬಂದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಮಗಳ ಹೆಸರು ಶಾಲ್ಮಲಾ. ನಮ್ಮ ಧಾರವಾಡದ ಕಡೆಯ ಹೊಳೆಯ ಹೆಸರು, ನಾನೇ ಹಟ ಹಿಡಿದು ಇಟ್ಟದ್ದು. ಇಲ್ಲಿಯ ಶಾಲೆಯಲ್ಲಿ ಒಂದೇ ವಾರಕ್ಕೆ ಅದು ಶಾಲ್ ಆಯಿತು. ಮನೆಯಲ್ಲಿ ಶಾಲೂ.

ಆಸ್ಪತ್ರೆಯಲ್ಲಿ ರೌಂಡ್ಸ್ ಎಂದು ಒಂದು ಪದ್ಧತಿ. ಹಿರಿಯ ಡಾಕ್ಟರು ವಾರ್ಡಿಗೆ ಬಂದಾಗ ಕಿರಿಯರು ಒಬ್ಬೊಬ್ಬ ರೋಗಿಯ ಕಥೆಯನ್ನೂ, ಅವರ ಮಾತಿನಲ್ಲಿ 'ಹಿಸ್ಟರಿ', ಒಪ್ಪಿಸಬೇಕು. ಯಾರು, ಎಷ್ಟು ವಯಸ್ಸು, ಏನು ಲಕ್ಷಣ, ಎಷ್ಟು ದಿನದಿಂದ, ಎಲ್ಲ ಹೇಳಿ ಕೊನೆಗೆ ಡಯಾಗ್ನೊಸಿಸ್. ಇವರು ಆ ಕಾಲಕ್ಕೆ ಕಿರಿಯರು. ವಾರವೆಲ್ಲ ಬೇರೆಯವರ ಮುಂದೆ ಕೈಕಟ್ಟಿ ನಿಂತು ಒಪ್ಪಿಸಿ ಒಪ್ಪಿಸಿ ಸಾಕಾಗಿ, ರವಿವಾರ ಮನೆಯಲ್ಲಿ ತಾವೇ ಹಿರಿಯ ಡಾಕ್ಟರಾದರು. ಇವರು ಅದನ್ನು 'ಭಾನುವಾರದ ರೌಂಡ್ಸ್' ಎನ್ನುತ್ತಿದ್ದರು. ನನಗೆ ಮಾತ್ರ ಅದು ಎಂದೂ ರವಿವಾರವೇ. ರೋಗಿ ಯಾರು ಅಂತೀರಾ? ಇಡೀ ಇಂಗ್ಲೆಂಡು.

ಮೊದಲ ಕೇಸು ತಂದವರೂ ಇವರೇ. ಅದೂ ಒಂದು ಗ್ಲೌಸಿನದೇ. ನಾವು ಬಂದ ಮೊದಲ ಚಳಿಗಾಲ. ಬೆಳಿಗ್ಗೆ ನಾನು ಚುರಮುರಿ ನೆನೆಸಿ, ಒಗ್ಗರಣೆ ಹಾಕಿ ಸುಸಲಾ ಮಾಡಿದ್ದೆ. ಈಸ್ಟ್ ಹ್ಯಾಮಿನ ಅಂಗಡಿಯಲ್ಲಿ ಚುರಮುರಿ ಸಿಗುತ್ತದೆ ಎಂದು ಆ ವಾರವಷ್ಟೇ ಗೊತ್ತಾಗಿತ್ತು. ಹಾಗಾಗಿ ಮನೆಯಲ್ಲಿ ಹಬ್ಬದ ಕಳೆ. ಇವರು ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಐವತ್ತರ ಹತ್ತಿರದ ಗಂಡಸು. ಉದ್ದ ಕೋಟು, ಚರ್ಮದ ಬ್ಯಾಗು. ಬಸ್ಸು ಬರ್ತಿದೆ, ಓಡ್ತಿದಾನೆ. ದಾರೀಲಿ ಒಂದು ಗ್ಲೌಸು ಬಿದ್ದಿದೆ. ನಿಂತ. ಎತ್ತಿದ. ಬೇಲಿಗೆ ಸಿಕ್ಕಿಸ್ದ. ಬಸ್ಸು ಹೋಯ್ತು. ಬಾಯಲ್ಲಿ ಒಂದು ಬೈಗುಳ ಇಲ್ಲ ಕಣೇ!"

"ಮನೀಗೆ ಒಯ್ಯಲಿಲ್ಲಾ?" ಎಂದೆ.

"ಇಲ್ಲ."

"ಯಾರದಿದು ಅಂತ ಒದರಿ ಕೇಳಲಿಲ್ಲಾ?"

"ಒದರೋದಾ? ಇಂಗ್ಲೆಂಡಲ್ಲಾ?"

ನನಗೆ ನನ್ನ ಗೆಜ್ಜೆ ನೆನಪಾಯಿತು. ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಕಾಲಿನ ಬೆಳ್ಳಿ ಗೆಜ್ಜೆ ಕಳೆದುಕೊಂಡಿದ್ದೆ. ಸಿಕ್ಕಿದ್ದು ನಮ್ಮ ಓಣಿಯ ಕೊನೆಯ ಮನೆಯ ಅಂಬಕ್ಕನಿಗೆ. ಅಂಬಕ್ಕ ಅದನ್ನು ಸೆರಗಿಗೆ ಕಟ್ಟಿಕೊಂಡು ಮನೆಮನೆಗೂ ಹೋದಳು. ಪ್ರತಿ ಮನೆಯಲ್ಲೂ ಅರ್ಧ ಕಪ್ ಚಹಾ, ಪ್ರತಿ ಮನೆಯಲ್ಲೂ ಗೆಜ್ಜೆ ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂಬ ಪುರಾಣ. ನಮ್ಮ ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟರಲ್ಲಿ ನಾನು ಪೇರಲಕಾಯಿ ಕದಿಯಲು ಮಾಸ್ತರರ ಮನೆಯ ಗೋಡೆ ಜಿಗಿದದ್ದು ಇಡೀ ಓಣಿಗೆ ಗೊತ್ತಾಗಿತ್ತು. ಗೆಜ್ಜೆಯೂ ಬಂತು, ಬೆನ್ನಿಗೆ ಗುದ್ದೂ ಬಿತ್ತು. ಇದನ್ನು ಹೇಳಿದೆ. ಇವರು ಎರಡೂ ಕೇಸುಗಳನ್ನು ತೂಗಿ ನೋಡಿ ಡಯಾಗ್ನೊಸಿಸ್ ಕೊಟ್ಟರು: "ಈ ಜನಕ್ಕೆ ಉಪಕಾರ ಮಾಡ್ಬೇಕು, ಆದ್ರೆ ಪರಿಚಯ ಆಗ್ಬಾರ್ದು."

ಅಲ್ಲಿಂದ ಶುರುವಾಯಿತು. ವಾರಕ್ಕೆ ಒಬ್ಬೊಬ್ಬರು ಒಂದೊಂದು ಕೇಸು ತರಬೇಕು. ನಿಯಮ ಒಂದೇ, ಕೇಸನ್ನು ಕನ್ನಡದಲ್ಲೇ ಒಪ್ಪಿಸಬೇಕು. "ಅವರ ವಿಷಯ ಅವರ ಭಾಷೇಲೇ ಆಡಿದ್ರೆ ಅದು ಚಾಡಿ. ನಮ್ಮ ಭಾಷೇಲಿ ಆಡಿದ್ರೆ ಅಧ್ಯಯನ" ಎಂದು ಇವರ ವಾದ. ಸ್ವಂತ ಮನೆಯ ಅಡುಗೆಮನೆಯಲ್ಲಿ ಕೂತು, ಕನ್ನಡದಲ್ಲಿ ಮಾತಾಡುತ್ತ, ಅದನ್ನೂ ಪಿಸುದನಿಯಲ್ಲಿ ಆಡುತ್ತಿದ್ದರು ಪುಣ್ಯಾತ್ಮ. ನಮ್ಮದು ಒಂದಕ್ಕೊಂದು ಅಂಟಿಕೊಂಡ ಸಾಲುಮನೆ. ಗೋಡೆಯ ಆಚೆ ಜೀನ್ ಎಂಬ ಅರವತ್ತರ ಹೆಂಗಸು, ಗಂಡ ತೀರಿಕೊಂಡವರು. ನಾವು ನಾವೇ ಮಾತಾಡುವಾಗ ಅವರು ಜೀನಮ್ಮ.

"ಕೇಳಿದ್ರ ತಿಳೀತದೇನ್ರೀ ಅಕಿಗೆ?" ಎಂದರೆ, "ಮಾತು ತಿಳೀದಿದ್ರೂ ಧಾಟಿ ತಿಳಿಯುತ್ತೆ ಕಣೇ" ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಇದು ಗಂಡ ಹೆಂಡಿರ ಕಾಡುಹರಟೆಯಾಗಿ ಉಳಿಯುತ್ತಿತ್ತು. ಆದರೆ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇನ್ನೊಂದು ನಡೆದಿತ್ತು. ಶಾಲೂ ಕನ್ನಡ ಬಿಟ್ಟಿದ್ದಳು. ಶಾಲೆಗೆ ಸೇರಿ ಒಂದು ವರ್ಷವಾಗಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಕ್ಕ ಏನ್ ಮಾಡ್ಲೆವಾ?" ಎಂದರೆ "ಎನಿಥಿಂಗ್, ಮಮ್." ಅಮ್ಮ ಇದ್ದದ್ದು ಮಮ್ ಆದದ್ದು ಯಾವ ದಿನ ಎಂದು ನನಗೆ ನೆನಪಿಲ್ಲ. ಬರೆದಿಟ್ಟುಕೊಳ್ಳಬೇಕಿತ್ತು. ಧಾರವಾಡದಿಂದ ನಮ್ಮವ್ವ ಫೋನ್ ಮಾಡಿದರೆ ಶಾಲೂ ರಿಸೀವರ್ ಹಿಡಿದು ತಲೆ ಆಡಿಸುತ್ತಿದ್ದಳು. ಫೋನಿನಲ್ಲಿ ತಲೆ ಆಡಿಸಿದ್ದು ಧಾರವಾಡಕ್ಕೆ ಕಾಣುತ್ತದೆಯೇ? ಅವ್ವ ಆ ಕಡೆಯಿಂದ "ಹಲೋ, ಹಲೋ" ಎನ್ನುತ್ತಿದ್ದಳು. ನನಗೆ ಅಳು ಬರುತ್ತಿತ್ತು.

ಹಾಗಿದ್ದವಳಿಗೆ ರವಿವಾರದ ಸಭೆಯ ಮೇಲೆ ಆಸೆ ಹುಟ್ಟಿತು. ನಾವಿಬ್ಬರೂ ಪಿಸುಪಿಸು ಮಾತಾಡಿ ನಗುವುದನ್ನು ಎಷ್ಟು ದಿನ ಎಂದು ನೋಡುತ್ತ ಕೂರುತ್ತಾಳೆ? ಒಂದು ರವಿವಾರ ಕುರ್ಚಿಯ ಮೇಲೆ ಹತ್ತಿ ನಿಂತಳು. ಆರು ವರ್ಷ ಅವಳಿಗೆ.

"ಅಪ್ಪ, ಕೇಸು ನಂದು! ಜೀನಮ್ಮ ತಾಟು ತೊಳೆದ್ರು. ಸೋಪು ಹಾಕಿದ್ರು. ತುಂಬಾ ನೊರಿ ಬಂತು. ಆಮ್ಯಾಲೆ ನೀರು ಹಾಕ್ಲೇ ಇಲ್ಲ! ನೊರಿ ಇದ್ದಂಗೇ ನಿಲ್ಲಿಸಿದ್ರು, ಬಟ್ಟೆಯಿಂದ ಒರೆಸಿದ್ರು, ಅದ್ರಾಗೇ ನಂಗೆ ಕೇಕ್ ಕೊಟ್ರು!"

"ತಿಂದ್ಯಾ?"

"ಮ್ಯಾಲಿಂದು ತಿಂದೆ. ಕೆಳಗಿಂದು ಬಿಟ್ಟೆ."

ಇವರು ನಗುತ್ತ ನಗುತ್ತ ಕೆಮ್ಮತೊಡಗಿದರು. "ಇಷ್ಟು ಸೋಪು ತಿಂದೂ ಅರ್ಧ ಪ್ರಪಂಚ ಆಳಿದ್ರಲ್ಲ, ಎಂಥ ಗಟ್ಟಿ ಹೊಟ್ಟೆ ನೋಡು" ಎಂದರು. ನಾನು ನಗಲಿಲ್ಲ. ಅರ್ಧ ಅಪ್ಪನ ಮೈಸೂರು, ಅರ್ಧ ನನ್ನ ಧಾರವಾಡ, ಎರಡನ್ನೂ ಕಲಸಿ ಆ ಹುಡುಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಳು. 'ನೊರಿ' ಎಂಬ ಮಾತು ಅವಳಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಅವಳ ತಾಟಿಗೆ ಇನ್ನಷ್ಟು ಸುಸಲಾ ಹಾಕಿದೆ. ಅವಳು ಬೇಡವೆಂದರೂ ಹಾಕಿದೆ.

ಅಂದಿನಿಂದ ನನಗೆ ಒಂದು ದುರಾಸೆ ಹತ್ತಿಕೊಂಡಿತು. ವಾರದ ಆರು ದಿನ ಇಂಗ್ಲಿಷಿಗೆ ಬಿಟ್ಟುಕೊಟ್ಟೆ. ರವಿವಾರದ ಆ ಹತ್ತು ನಿಮಿಷ ನನ್ನದು. ಅದು ತಪ್ಪಬಾರದು ಎಂದರೆ ಹುಡುಗಿಗೆ ಕೇಸುಗಳ ಬರ ಬರಬಾರದು. ಕೇಸು ಸಿಗಬೇಕಾದರೆ ಈ ದೇಶ ಅವಳಿಗೆ ವಿಚಿತ್ರವಾಗಿ ಕಾಣುತ್ತಲೇ ಇರಬೇಕು. ಬೇರೆ ತಾಯಂದಿರು ಮಕ್ಕಳು ಬೇಗ ಹೊಂದಿಕೊಳ್ಳಲಿ ಎಂದು ದೇವರಿಗೆ ಹರಕೆ ಹೊತ್ತರೆ, ನಾನು ಪೂರಾ ಹೊಂದಿಕೊಳ್ಳದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಚಕ್ಕುಲಿ ಮಾಡಿದಾಗಲೆಲ್ಲ ಡಬ್ಬಿಗೆ ತುಂಬಿ ಜೀನಮ್ಮನಿಗೆ ಕೊಟ್ಟು ಬಾ ಎಂದು ಶಾಲೂನ್ನ ಕಳಿಸುತ್ತಿದ್ದೆ. "ಲಗೂನ ಬರಬ್ಯಾಡ. ಕೂತು, ಎಲ್ಲಾ ನೋಡಿ ಬಾ" ಎಂದು ಬೇರೆ ಹೇಳುತ್ತಿದ್ದೆ. ಮಗಳನ್ನು ಗೂಢಚಾರಿಕೆಗೆ ಇಟ್ಟುಕೊಂಡ ತಾಯಿ ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ ಇರಬೇಕು.

ಎಂಥೆಂಥ ಕೇಸುಗಳು ಬಂದವು ಆಗ! ಇವರದು ಹೆಚ್ಚಾಗಿ ವಾರ್ಡಿನವು. ಎಪ್ಪತ್ತೈದರ ಒಬ್ಬ ಮುದುಕ, ಏಣಿಯಿಂದ ಬಿದ್ದು ಕಾಲಿನ ಎಲುಬು ಎರಡು ತುಂಡಾಗಿದೆ. "ಹೇಗಿದೆ?" ಎಂದು ಕೇಳಿದರೆ "ಸ್ವಲ್ಪ ಕಿರಿಕಿರಿ ಅಷ್ಟೇ, ಡಾಕ್ಟ್ರೇ" ಎಂದನಂತೆ. ಇವರು ಒಂದು ಲೆಕ್ಕ ಕಂಡುಹಿಡಿದಿದ್ದರು. ಸ್ವಲ್ಪ ಕಿರಿಕಿರಿ ಎಂದರೆ ಎಲುಬು ಮುರಿದಿದೆ. ಅಷ್ಟೇನೂ ಚೆನ್ನಾಗಿಲ್ಲ ಎಂದರೆ ಮನೆಯವರನ್ನು ಕರೆಸಬೇಕು. ನನ್ನ ಸೋದರತ್ತೆ ಒಬ್ಬಳಿದ್ದಳು, ಅರ್ಧ ತಲೆ ನೋವು ಬಂದರೂ "ನಾ ಇನ್ನ ಉಳಿಯಂಗಿಲ್ಲ, ಮಕ್ಕಳನ್ನ ಕರಸ್ರಿ" ಎಂದು ಗೋಡೆಗೆ ಮುಖ ಮಾಡಿ ಮಲಗುವವಳು. ಸಂಜೆಗೆ ಎದ್ದು ನಾಲ್ಕು ಹೋಳಿಗೆ ತಿನ್ನುವವಳು. ಅವಳನ್ನು ಇಲ್ಲಿಯ ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರೆ ಆತನೇ ಎದೆ ಹಿಡಿದುಕೊಂಡು ಕೂರುತ್ತಿದ್ದನೇನೋ.

ಪಾರ್ಕಿನಲ್ಲಿ ದಿನಾ ನಾಯಿಯೊಂದಿಗೆ ಸಿಗುವ ಒಬ್ಬರು ಇವರಿಗೆ ಐದು ವರ್ಷದ ಪರಿಚಯ. ನಾಯಿಯ ಹೆಸರು ಬಿಸ್ಕಿಟ್ ಎಂದು ಗೊತ್ತು, ಅದಕ್ಕೆ ಯಾವ ಕಾಲು ನೋಯುತ್ತದೆ ಎಂದು ಗೊತ್ತು, ಅದರ ತಾಯಿ ಯಾವ ಊರಿನದು ಎಂದೂ ಗೊತ್ತು. ಆ ಮನುಷ್ಯನ ಹೆಸರು ಮಾತ್ರ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯ ದಾಖಲೆಯಲ್ಲಿ ಅವರು ಬಿಸ್ಕಿಟ್ಟಿನ ಯಜಮಾನರು.

ನನ್ನದೂ ಒಂದಿದೆ, ಹೇಳಲು ನಾಚಿಕೆ. ಶಾಲೂನ ಏಳನೇ ಹುಟ್ಟುಹಬ್ಬಕ್ಕೆ ಕಾರ್ಡು ಬರೆಯುವಾಗ ಅವಳು "ಮೂರರಿಂದ ಐದು" ಎಂದು ಬರೆಸಿದಳು. ಬರುವ ಹೊತ್ತು ಹೇಳುವುದು ಸರಿ, ಹೋಗುವ ಹೊತ್ತನ್ನೂ ಕಾರ್ಡಿನಲ್ಲಿ ಬರೆಯುವುದೇ? ಬರೆದರೂ ಅದು ಬರೀ ಮಾತಿಗೆ ಎಂದುಕೊಂಡೆ. ಮಕ್ಕಳನ್ನು ಕರೆದುಕೊಂಡು ಹೋಗಲು ಹನ್ನೆರಡು ಜನರ ಅಪ್ಪ ಅಮ್ಮಂದಿರು ಬರುತ್ತಾರೆ, ಬಂದವರನ್ನು ಹಾಗೇ ಕಳಿಸಲಾದೀತೇ ಎಂದು ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆ ಭಾತು ಮಾಡಿ, ಮುಂದಿನ ಕೋಣೆಯಲ್ಲಿ ಜಮಖಾನ ಹಾಸಿ ಕಾದೆ. ಐದು ಗಂಟೆಗೆ ಸರಿಯಾಗಿ ಬಾಗಿಲ ಬೆಲ್ಲು ಸದ್ದಾಯಿತು. ನೋಡಿದರೆ ಬಾಗಿಲಿನಿಂದ ಗೇಟಿನವರೆಗೆ ಹನ್ನೆರಡು ಮನೆಯವರು ಸಾಲಾಗಿ ನಿಂತಿದ್ದಾರೆ! ಒಬ್ಬೊಬ್ಬರಾಗಿ ಮಗುವನ್ನು ಪಡೆದು, ಬಹಳ ಚೆನ್ನಾಗಿತ್ತು ಎಂದು ಹೇಳಿ, ಹೋದರು. ಐದು ನಿಮಿಷಕ್ಕೆ ಓಣಿ ಖಾಲಿ. ನಾವು ಬುಧವಾರದವರೆಗೆ ಬಿಸಿಬೇಳೆ ಭಾತು ತಿಂದೆವು. ರವಿವಾರ ನಾನು ಇದನ್ನು ಒಪ್ಪಿಸಿದಾಗ ಇವರು "ಇದು ಅವರ ಕೇಸಲ್ಲ, ನಿಂದು" ಎಂದು ತಳ್ಳಿಹಾಕಿದರು.

ಶಾಲೂ ಹತ್ತು ಹನ್ನೊಂದರ ವಯಸ್ಸಿಗೆ ಬಂದಾಗ ತಂದ ಕೇಸುಗಳ ರುಚಿಯೇ ಬೇರೆ. ಅವಳ ಟೀಚರು ಬೀರುವಿಗೆ ಡಿಕ್ಕಿ ಹೊಡೆದು ಬೀರುವಿಗೇ ಸಾರಿ ಎಂದರಂತೆ. ಗೆಳತಿಯ ಮನೆಯ ಬೆಕ್ಕಿಗೆ, ಎದುರು ಮನೆಯ ಬೆಕ್ಕಿನಿಂದ ಕ್ರಿಸ್‌ಮಸ್ ಕಾರ್ಡು ಬಂದಿತ್ತಂತೆ, ಒಳಗೆ ಕಾಲಿನ ಗುರುತಿನ ಸಹಿ ಸಮೇತ. ಈ ಬೆಕ್ಕಿನ ಕಾರ್ಡು ಇವರಿಗೆ ಎಷ್ಟು ಹಿಡಿಸಿತೆಂದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಎಜ್‌ವೇರಿನ ಗೆಳೆಯರ ಮನೆಯ ಯುಗಾದಿ ಊಟದಲ್ಲಿ, ಕೊನೆಗೆ ಮೈಸೂರಿಗೆ ಹೋದಾಗ ನೆಂಟರೆದುರು, ಎಲ್ಲ ಕಡೆಯೂ ಹೇಳಿ ನಗಿಸಿದರು. ಅವಳು ಕೇಸು ಒಪ್ಪಿಸುವಾಗ ನಾನು ಮೇಜಿನ ಮೇಲೆ ಮೊಳಕೈ ಊರಿ, ಮುಂದಕ್ಕೆ ಬಗ್ಗಿ, ಬಾಯಿ ತೆರೆದು ಕೇಳುತ್ತಿದ್ದೆ. ಬೆಕ್ಕಿನ ಸುದ್ದಿಯಲ್ಲ ನನಗೆ ಬೇಕಾದದ್ದು. "ಬೆಕ್ಕಿನ ಕಾಲು ಹಿಡಿದು ಮಸಿಯೊಳಗ ಅದ್ದಿರಬೇಕು ಅಲ್ವಾ ಅಪ್ಪ" ಎಂದು ಅವಳು ಹೇಳಿದಳಲ್ಲ, ಆ 'ಅದ್ದಿರಬೇಕು' ಎಂಬುದು ಎಲ್ಲಿಂದ ಬಂತು ಇವಳಿಗೆ ಎಂದು ವಾರವೆಲ್ಲ ಮೆಲುಕು ಹಾಕುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದೆ. ಹದಿಮೂರು ದಾಟಿದ್ದ ಶಾಲೂ, ನಾನು ಹೇಳದೆಯೇ, ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಎಷ್ಟು ಜಾಣೆ ಎಂದುಕೊಂಡು ನೋಡಿದೆ. ನೊರೆ ಮೆತ್ತಿದ ತಾಟನ್ನು ಹಾಗೇ ಎತ್ತಿ ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು. ಮತ್ತೊಂದು ತಾಟು. ಮತ್ತೊಂದು. ನೊರೆ ಮೆಲ್ಲಗೆ ಜಾರಿ ಇಳಿಯುತ್ತಿತ್ತು.

"ನೀರಿಲೇ ತೊಳಿಯವಾ" ಎಂದೆ.

"ಇಟ್ಸ್ ಫೈನ್, ಮಮ್."

ಅವಳು ಮಹಡಿ ಹತ್ತಿ ಹೋದ ಮೇಲೆ ಎಲ್ಲ ತಾಟುಗಳನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಮರುದಿನ ಬೆಳಿಗ್ಗೆ ಇವರು ಗಂಟಲು ಸರಿಮಾಡಿಕೊಂಡು "ಹೂಂ, ಶಾಲೂ, ಹಿಸ್ಟರಿ ಹೇಳಮ್ಮ" ಎಂದಾಗ ಅವಳು ಪೇಪರಿನಿಂದ ತಲೆ ಎತ್ತದೆ "ನೋ ಕೇಸ್, ಅಪ್ಪ" ಎಂದಳು. ಅದರ ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಎರಡೆರಡು ಕೇಸು ತಂದು ಒಪ್ಪಿಸಿದೆ, ಇವಳ ಬಾಯಿಂದ ಒಂದು 'ಹೌದಾ' ಆದರೂ ಬರಲಿ ಎಂದು. ಒಂದು ಸಲ "ದೇ ಆರ್ ಜಸ್ಟ್ ಪೀಪಲ್, ಮಮ್" ಎಂದಳು. ಮಾತು ಸರಿಯೇ ಇತ್ತು. ಅವಳಿಗೆ ಈ ಊರು ಊರಾಗಿತ್ತು, ಜನ ಜನರಾಗಿದ್ದರು. ನಾನು ಬೇಡಿಕೊಂಡದ್ದನ್ನು ಯಾವ ದೇವರೂ ಕೇಳಿಸಿಕೊಂಡಿರಲಿಲ್ಲ, ಕೇಳಿಸಿಕೊಳ್ಳಲೂ ಬಾರದಿತ್ತು. ಆದರೂ ನನಗೆ ಹೊಟ್ಟೆ ಉರಿಯಿತು.

ಆಮೇಲಿನ ವರ್ಷಗಳಲ್ಲಿ ನಾನು ಕನ್ನಡಕ್ಕೆ ಹಸಿದಿದ್ದೆ ಎಂದರೆ ನೀವು ನಗಬಹುದು. ಮನೆಯಲ್ಲಿ ಗಂಡನಿದ್ದಾರೆ, ಎಜ್‌ವೇರಿನಲ್ಲಿ ಗೆಳತಿಯರಿದ್ದಾರೆ, ಕನ್ನಡಕ್ಕೇನು ಕಡಿಮೆ? ನನಗೆ ಬೇಕಾದದ್ದು ಆ ಒಂದು ಬಾಯಿಯ ಕನ್ನಡ. ಒಮ್ಮೆ ಈಸ್ಟ್ ಹ್ಯಾಮಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸಿನ ಮೇಲಿನ ಮಹಡಿಯಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ನಾಲ್ಕೈದು ವರ್ಷದ ಹುಡುಗಿ. "ಅಮ್ಮಾ, ಆ ಅಜ್ಜಿ ಕೂದಲು ಯಾಕೆ ನೇರಳೆ ಬಣ್ಣ ಇದೆ?" ಎಂದಿತು ಮಗು, ಗಟ್ಟಿಯಾಗಿ, ನಿರ್ಭಯವಾಗಿ. ತಾಯಿ ನಾಚಿ ಸುಮ್ಮನಿರಿಸಿದಳು. ನನ್ನ ಸ್ಟಾಪು ಬಂತು, ಹೋಯಿತು. ಇಳಿಯಲಿಲ್ಲ. ಇನ್ನೇನು ಕೇಳುತ್ತದೋ ಎಂದು ಕೊನೆಯ ಸ್ಟಾಪಿನವರೆಗೂ ಕೂತೆ. ಅವರು ಇಳಿದು ಹೋದ ಮೇಲೆ ಕರಿಬೇವಿನ ಕಟ್ಟು ಹಿಡಿದುಕೊಂಡು ಅಷ್ಟು ದೂರ ಹಿಂದಕ್ಕೆ ನಡೆದು ಬಂದೆ.

ಶಾಲೂ ಮ್ಯಾಂಚೆಸ್ಟರಿಗೆ ಓದಲು ಹೋದಳು. ಎರಡನೇ ವರ್ಷದ ಈಸ್ಟರ್ ರಜೆಗೆ ಬಂದಿದ್ದಳು. ರವಿವಾರ ಬೆಳಿಗ್ಗೆ ಮೂವರೂ ಮೇಜಿನ ಮುಂದೆ ಕೂತಿದ್ದೆವು. ಎಷ್ಟೋ ದಿನದ ಮೇಲೆ ಹಾಗೆ ಕೂತದ್ದು. ನಾನು ಹಳೆಯ ಚಟ ಬಿಡಲಾರದೆ ಕೇಳಿದೆ: "ಆ ಊರಾಗ ಏನರೆ ವಿಚಿತ್ರ ಕಂಡೀ ಏನವಾ?"

ಅವಳು ನನ್ನ ಕಡೆ ನೋಡಿದಳು. ಚಮಚ ಕೆಳಗಿಟ್ಟಳು.

"ಒಂದು ಕೇಸ್ ಅದ, ಅಪ್ಪ" ಎಂದಳು.

ಇವರು ಪೇಪರು ಮಡಿಸಿಟ್ಟರು. ಕನ್ನಡಕ ಹಾಕಿಕೊಂಡರು. ಅಷ್ಟು ಹೊತ್ತಿಗೆ ಇವರು ನಿಜಕ್ಕೂ ಹಿರಿಯ ಡಾಕ್ಟರಾಗಿದ್ದರು. ಗಂಟಲು ಸರಿಮಾಡಿಕೊಂಡರು. "ಹಿಸ್ಟರಿ ಹೇಳಮ್ಮ."

"ಒಬ್ಬಾಕಿ ಹೆಂಗಸು. ನಲವತ್ತೇಳು ವರ್ಷ. ಇಲ್ಫರ್ಡ್‌ನಾಗ ಇರ್ತಾಳ. ಈ ದೇಶಕ್ಕ ಬಂದು ಹದಿನಾರು ವರ್ಷ ಆಯ್ತು. ಬೀರು ಮ್ಯಾಲೆ ಎರಡು ಸೂಟ್‌ಕೇಸ್ ಇಟ್ಟಾಳ. ಧೂಳು ಹತ್ತಬಾರ್ದು ಅಂತ ಹಳೇ ಸೀರೆ ಹೊದಿಸ್ಯಾಳ. ಅಟ್ಟದ ಮ್ಯಾಲೆ ಇಡಲ್ಲ. ಯಾಕಂದ್ರ, ವಾಪಸ್ ಹೋಗೋವಾಗ ತೆಗೀಲಿಕ್ಕೆ ಕಷ್ಟ ಆಗ್ತದ ಅಂತ."

ನಾನು ತಾಟು ನೋಡುತ್ತ ಕೂತೆ.

"ಬಾಜೂಮನಿಯವರು ತಾಟು ಹೆಂಗ ತೊಳೀತಾರೆ ಅಕಿಗೆ ಗೊತ್ತು. ಎಷ್ಟು ಗಂಟೆಗೆ ಟೀ ಕುಡೀತಾರೆ ಗೊತ್ತು. ಎಲ್ಲಾ ಗೊತ್ತು. ಆದ್ರೆ ಆ ಮನಿಯೊಳಗ ಒಂದು ದಿನಾನೂ ಕಾಲಿಟ್ಟಿಲ್ಲ. ಮಗಳನ್ನ ಕಳಸ್ತಾಳ."

"ಅಕಿ ಯಾವಾಗ ಕರದಾಳ ನನ್ನ?" ನನಗೆ ಸಿಟ್ಟೇ ಬಂತು.

"ಕರದಾರಮ್ಮ. ಪ್ರತೀ ಸಲ ಕರದಾರ. ನಾನೇ ಬಂದು ಹೇಳ್ತಿದ್ದೆ. ನೀನು 'ಮುಂದಿನ ವಾರ' ಅಂತಿದ್ದಿ. ನಾನು ಹೋಗಿ, ಅಮ್ಮಂಗೆ ಸ್ವಲ್ಪ ಹುಷಾರಿಲ್ಲ ಅಂತಿದ್ದೆ."

ಇವರು ಮೆಲ್ಲಗೆ ಕೇಳಿದರು, "ಎಷ್ಟು ದಿನದಿಂದ ಗೊತ್ತು ಈ ಕೇಸು?"

"ಹದಿಮೂರು ವರ್ಷದಾಕಿ ಇದ್ದಾಗಿಂದ."

"ಮತ್ತೆ ಆವಾಗ ಕೇಸಿಲ್ಲ, ಕೇಸಿಲ್ಲ ಅಂತಿದ್ದೆ?"

"ಇತ್ತು ಅಪ್ಪ. ಇದೊಂದೇ ಇತ್ತು. ಇದನ್ನ ಹೆಂಗ ಹೇಳ್ಲಿ? ಜೀನಮ್ಮನ್ನ ನೋಡಿ ನಕ್ಕಂಗ ಅಮ್ಮನ್ನ ನೋಡಿ ನಗಲಿಕ್ಕಾಗ್ತದಾ? ಮತ್ತೆ..." ಎಂದು ತಡೆದಳು. "ಮತ್ತೆ ಸುಳ್ಳು ಕೇಸ್ ಹೇಳಿ ಹೇಳಿ ಸಾಕಾಗಿತ್ತು."

"ಸುಳ್ಳಾ?"

"ನಂಗೆ ಹತ್ತು ವರ್ಷ ತುಂಬಿದ್ಮ್ಯಾಲೆ ಅವರು ವಿಚಿತ್ರ ಅಂತ ಅನ್ನಿಸ್ತಿರ್ಲಿಲ್ಲ. ಆದ್ರೆ ಅಮ್ಮ ಹಿಂಗ ಮುಂದ ಬಗ್ಗಿ, ಬಾಯಿ ತಕ್ಕೊಂಡು ಕೇಳ್ತಿದ್ದಳು. ನಾ ಕನ್ನಡ ಮಾತಾಡ್ಲಿ ಅಂತ. ಅದಕ್ಕೆ ಶನಿವಾರ ಕೂತು ಮಾಡ್ಕೊಂಡು ಬರ್ತಿದ್ದೆ."

ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ತೀರಾ ಸಣ್ಣ ದನಿಯಲ್ಲಿ, "ಬೆಕ್ಕಿನ ಕಾರ್ಡೂ ಸುಳ್ಳಾ?" ಎಂದರು.

"ಬೆಕ್ಕಿನ ಕಾರ್ಡೂ ಸುಳ್ಳು, ಅಪ್ಪ."

ಇವರ ಮುಖ ನೋಡುವ ಹಾಗಿರಲಿಲ್ಲ. ಹತ್ತು ವರ್ಷ ಎರಡು ದೇಶಗಳಲ್ಲಿ ಹೇಳಿಕೊಂಡು ತಿರುಗಿದ ಕಥೆ. ಶಾಲೂ ಮೊದಲು ನಕ್ಕಳು. ಆಮೇಲೆ ಇವರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಕಳಿಸಲಿ ಎಂದು ತಿಳಿಯದೆ ಎದ್ದು ಒಲೆಯ ಕಡೆ ಹೋದೆ.

ಮಗಳು ಹೇಳಿದ್ದು ಚುಚ್ಚಿತು. ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಹದಿನಾರು ವರ್ಷ ಕಿಟಕಿಯ ಪರದೆಯ ಸಂದಿಯಿಂದ ಒಂದು ದೇಶವನ್ನು ನೋಡುತ್ತ ಕೂತವಳು ನಾನು, ನನ್ನನ್ನು ಒಬ್ಬಳು ಪುಟ್ಟ ಹುಡುಗಿ ಅದೇ ಹೊತ್ತಿನಲ್ಲಿ ನೋಡುತ್ತಿದ್ದಳು. ನೋಡಿ, ಹೇಳದೆ, ನನಗಾಗಿ ಸುಳ್ಳು ಹೆಣೆದು ತರುತ್ತಿದ್ದಳು. ಆದರೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಒಲೆಯ ಕಡೆ ಮುಖ ಮಾಡಿ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅವಳ ದೂರಲ್ಲ. ಅಟ್ಟ ಎಂದಳು, ಬಾಜೂಮನಿ ಎಂದಳು, ಹೊದಿಸ್ಯಾಳ ಎಂದಳು. ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದಳು ಇವನ್ನೆಲ್ಲ? ಇನ್ನೂ ಎರಡು ಮಾತು ನನ್ನನ್ನು ಬೈಯಲಿ ದೇವರೇ ಎಂದು ಕಾಯುತ್ತ ನಿಂತಿದ್ದೆ.

ಈಗ ಅವಳು ಅಲ್ಲೇ ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕಿದ್ದಾಳೆ. ಫೋನಿನಲ್ಲಿ "ಹಾಯ್ ಮಮ್" ಎಂದು ಶುರುವಾಗಿ "ಲವ್ ಯೂ, ಬೈ" ಎಂದು ಮುಗಿಯುತ್ತದೆ, ನಡುವೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಎರಡು ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತಾಳೆ. ರವಿವಾರ ಬೆಳಿಗ್ಗೆ ಇವರು ಕನ್ನಡಕ ಹಾಕಿಕೊಳ್ಳುತ್ತಾರೆ. ಕೇಸು ಬೇರೆ ಬೇರೆ, ರೋಗಿ ಮಾತ್ರ ಒಬ್ಬಳೇ, ನಾನು.

ಮೊನ್ನೆ ಇವರು ಏಣಿ ಹುಡುಕಿ ತಂದು, ಆ ಸೂಟ್‌ಕೇಸುಗಳನ್ನು ಇನ್ನಾದರೂ ಅಟ್ಟಕ್ಕೆ ಹಾಕೋಣ ಎಂದರು. ಬೇಡ ಎಂದೆ. ಜೀನಮ್ಮ ಬೇಲಿಯ ಮೇಲಿಂದ ಮತ್ತೆ ಟೀಗೆ ಕರೆದರು. ಮುಂದಿನ ವಾರ ಎಂದೆ. ಹಾಗೆ ಹೇಳುವಾಗ ಆಕೆಯ ಮುಖ ನೋಡಲು ನನಗೆ ಕಷ್ಟವಾಯಿತು.

ಬರುವ ರವಿವಾರ ಶಾಲೂ ಬರುತ್ತಾಳೆ. ಅವಳು ಬಂದು ಕನ್ನಡದಲ್ಲಿ ಒಪ್ಪಿಸುವವರೆಗೆ ನಾನು ನನ್ನ ಒಂದು ವಿಚಿತ್ರವನ್ನೂ ತಿದ್ದಿಕೊಳ್ಳುವುದಿಲ್ಲ.